ಸಿಕ್ಕಷ್ಟು ಹೊತ್ತಿನ ಓದಿಗೆ ಪೇಪರ್‌ವೈಟ್ (2021)

ಸಾವಕಾಶವಾಗಿ ಕೂತು ದಿನಕ್ಕೆರಡು ಗಂಟೆ ಓದುವ ಭಾಗ್ಯ ಇರುವವರು ಕಾಗದದ ಪುಸ್ತಕವನ್ನೇ ಓದಲಿ, ಅವರಿಗೆ ಇ-ಪುಸ್ತಕ ಓದುವ ಈ ಯಂತ್ರದಿಂದ ಲಾಭ ಕಡಿಮೆ. ಆಸ್ಪತ್ರೆಯಲ್ಲಿ ಸರದಿ ಕಾಯುವಾಗ, ಮಗು ಮಲಗಿದ ಹತ್ತು ನಿಮಿಷದಲ್ಲಿ, ಚಿಂತೆಗೆ ನಿದ್ದೆ ಹತ್ತದ ನಡುರಾತ್ರಿಯಲ್ಲಿ ಓದುವವರಿಗೆ ಅಮೆಜಾನ್ ಕಂಪನಿಯ 2021ರ ಕಿಂಡಲ್ ಪೇಪರ್‌ವೈಟ್ ಇವತ್ತಿಗೂ ಸಾಕು. 2024ರ ಮಾದರಿಯಲ್ಲಿ ಪರದೆ 7 ಇಂಚು, ಪುಟ ತುಸು ಬೇಗ ತಿರುಗುತ್ತದೆ. ಹಳೆಯದು ಕೈಯಲ್ಲಿದ್ದರೆ ಅಷ್ಟಕ್ಕಾಗಿ ಬದಲಿಸಬೇಕಿಲ್ಲ.

2021ರ ಮಾದರಿಯದು 6.8 ಇಂಚಿನ ಪರದೆ, ಇಂಚಿಗೆ 300 ಪಿಕ್ಸೆಲ್, ತೂಕ 205 ಗ್ರಾಂ. ಒಂದೇ ಕೈಯಲ್ಲಿ ಹಿಡಿಯಬಹುದು, ಆದರೆ ಪುಟ ತಿರುಗಿಸಲು ಬಟನ್ ಇಲ್ಲ. ಪರದೆಯ ಎಡಗಡೆಯ ಸಣ್ಣ ಪಟ್ಟಿ ಮುಟ್ಟಿದರೆ ಹಿಂದಿನ ಪುಟ, ಮೇಲ್ಭಾಗ ಬಿಟ್ಟು ಉಳಿದ ಕಡೆ ಮುಟ್ಟಿದರೆ ಮುಂದಿನದು. ಎಡಗೈಯಲ್ಲಿ ಹಿಡಿದವರ ಹೆಬ್ಬೆರಳು ಸರಿಯಾಗಿ ಆ ಪಟ್ಟಿಯ ಮೇಲೇ ಬರುತ್ತದೆ. ಮುಟ್ಟುವ ಬದಲು ಬೆರಳನ್ನು ಬಲದಿಂದ ಎಡಕ್ಕೆ ಸವರಿದರೆ ಈ ಕಿರಿಕಿರಿ ಇರುವುದಿಲ್ಲ. ಪವರ್ ಬಟನ್ ಕೆಳ ಅಂಚಿನಲ್ಲಿದೆ. ಎದೆಯ ಮೇಲೆ ಊರಿಕೊಂಡು ಓದಿದರೆ ಅದು ಒತ್ತಿಹೋಗಿ ಪರದೆ ಮಲಗುತ್ತದೆ. ಆ ಜಾಗದಲ್ಲಿ ಬಟನ್ ಯಾಕಿಟ್ಟರೋ!

ರಾತ್ರಿ ಓದಿಗೆ ಬೆಳಕಿನ ವ್ಯವಸ್ಥೆ ಚೆನ್ನಾಗಿದೆ. ಹೊಳಪನ್ನೂ ಹಳದಿ ಛಾಯೆಯನ್ನೂ ಬೇರೆ ಬೇರೆಯಾಗಿ ಹೊಂದಿಸಬಹುದು. ಅಕ್ಷರದ ಮೆನುವಿನಲ್ಲಿ ಫಾಂಟ್, ಗಾತ್ರ, ದಪ್ಪ, ಅಂಚು ಎಲ್ಲವನ್ನೂ ಒಂದು ಥೀಮ್ ಆಗಿ ಉಳಿಸುವ ಸೌಲಭ್ಯ ಇದೆ. ಬಹಳ ಜನ ಅದರ ಕಡೆ ನೋಡುವುದೇ ಇಲ್ಲ. ಹಗಲಿಗೊಂದು ಥೀಮ್ ಇರಲಿ. ದಣಿದ ಕಣ್ಣಿಗೆ ಇನ್ನೊಂದು: ಗಾತ್ರ ಎರಡು ಹಂತ ಹೆಚ್ಚು, ದಪ್ಪ ಒಂದು ಹಂತ ಹೆಚ್ಚು, ಸಾಲಿನ ಅಂತರ ದೊಡ್ಡದು. ಹಿಂದಿನ ಪುಟದ ಅಕ್ಷರ ಮಸುಕಾಗಿ ಉಳಿದು ಕಾಡಿದರೆ ‘ಪೇಜ್ ರಿಫ್ರೆಶ್’ ಆನ್ ಮಾಡಿ. ಪ್ರತಿ ಪುಟಕ್ಕೂ ಪರದೆ ಒಮ್ಮೆ ಕಪ್ಪಾಗಿ ಮಿನುಗುತ್ತದೆ, ಬ್ಯಾಟರಿಯೂ ತುಸು ಹೆಚ್ಚು ಹೋಗುತ್ತದೆ.

ಕಂಪನಿ ಹೇಳುವ ‘10 ವಾರ’ದ ಬ್ಯಾಟರಿ ದಿನಕ್ಕೆ ಅರ್ಧ ಗಂಟೆ ಓದು, ವೈಫೈ ಬಂದ್, ಬೆಳಕು 13ನೇ ಹಂತದಲ್ಲಿ ಎಂಬ ಲೆಕ್ಕದ್ದು. ಬೆಳಕು ಏರಿಸಿ ವೈಫೈ ಬಿಟ್ಟರೆ ಅಷ್ಟು ಬಾರದು. ಒಂದೇ ಸಲ ನೂರಾರು ಪುಸ್ತಕ ತುಂಬಿದಾಗ ಚಾರ್ಜ್ ದಿಢೀರನೆ ಇಳಿಯುತ್ತದೆ, ಏಕೆಂದರೆ ಹುಡುಕಾಟಕ್ಕೆ ಬೇಕಾದ ಸೂಚಿಯನ್ನು ಯಂತ್ರ ಒಳಗೊಳಗೇ ತಯಾರಿಸುತ್ತಿರುತ್ತದೆ. ಒಂದು ದಿನ ಕಳೆದರೂ ಇದು ನಿಲ್ಲದಿದ್ದರೆ ಯಾವುದೋ ಕೆಟ್ಟ ಫೈಲ್ ಸಿಕ್ಕಿಕೊಂಡಿರಬಹುದು. ಹುಡುಕು ಪಟ್ಟಿಯಲ್ಲಿ ಅರ್ಥವಿಲ್ಲದ ನಾಲ್ಕಕ್ಷರ ಹಾಕಿದರೆ, ಸೂಚಿಯಾಗದೆ ಉಳಿದ ಪುಸ್ತಕಗಳು ಫಲಿತಾಂಶದಲ್ಲಿ ಸಿಗುತ್ತವೆ. ಅಳಿಸಿ ಮತ್ತೆ ಹಾಕಿ.

ಇ-ಪುಸ್ತಕಗಳ ಸಾಮಾನ್ಯ ರೂಪವಾದ ಇಪಬ್ ಫೈಲನ್ನು ಯುಎಸ್‌ಬಿ ಮೂಲಕ ನೇರ ಹಾಕಿದರೆ ಇದು ಓದುವುದಿಲ್ಲ. ಅಮೆಜಾನ್‌ನ ‘ಸೆಂಡ್ ಟು ಕಿಂಡಲ್’ ಸೇವೆಯ ಮೂಲಕ ಕಳಿಸಬೇಕು, ಇಲ್ಲವೇ ಕ್ಯಾಲಿಬರ್ ತಂತ್ರಾಂಶದಲ್ಲಿ ಕಿಂಡಲ್ ಓದಬಲ್ಲ ಎಝಡ್‌ಡಬ್ಲ್ಯು3 (AZW3) ರೂಪಕ್ಕೆ ಬದಲಿಸಿ ಹಾಕಬೇಕು. ಮೊದಲ ದಾರಿಯೇ ಮೇಲು: ಓದು ನಿಲ್ಲಿಸಿದ ಜಾಗ ಫೋನಿನ ಕಿಂಡಲ್ ಆ್ಯಪ್‌ಗೂ ಬರುತ್ತದೆ. ಯುಎಸ್‌ಬಿಯಲ್ಲಿ ಹಾಕಿದ್ದಕ್ಕೆ ಆ ಅನುಕೂಲ ಇಲ್ಲ. ಅಡಿಗೆರೆ, ಟಿಪ್ಪಣಿಗಳು ‘ಮೈ ಕ್ಲಿಪಿಂಗ್ಸ್’ ಎಂಬ ಪಠ್ಯ ಫೈಲಿನಲ್ಲಿ ಸೇರುತ್ತವೆ. ಪುಸ್ತಕದಲ್ಲಿ ಗೆರೆ ಅಳಿಸಿದರೂ ಅಲ್ಲಿ ಉಳಿಯುತ್ತದೆ, ಗೆರೆಯನ್ನು ಉದ್ದ ಮಾಡಿದರೆ ಎರಡೆರಡು ನಮೂದು. ಆಗಾಗ ಕಂಪ್ಯೂಟರಿಗೆ ನಕಲು ಮಾಡಿಟ್ಟುಕೊಳ್ಳಿ.

ಸ್ಕ್ಯಾನ್ ಮಾಡಿದ ಪಿಡಿಎಫ್ ಓದುವವರಿಗೆ ಇದು ಸೋಲು. ಐದೂವರೆಗೆ ಎಂಟೂವರೆ ಇಂಚಿನ ಪುಟ ಈ ಪರದೆಗೆ ಬಂದಾಗ ಅಕ್ಷರ ಸುಮಾರು ಮೂರರಲ್ಲಿ ಎರಡು ಪಾಲಿಗೆ ಕುಗ್ಗುತ್ತದೆ. ಅಡ್ಡಲಾಗಿ ತಿರುಗಿಸಿದರೆ ಅಗಲ ಹೆಚ್ಚುಕಡಿಮೆ ಮೂಲದಷ್ಟೇ ಸಿಗುತ್ತದೆ, ಆದರೆ ಒಂದು ಸಲಕ್ಕೆ ಅರ್ಧ ಪುಟ. ಕಥೆಗೆ ಹೇಗೋ ನಡೆಯುತ್ತದೆ. ಅಡಿಟಿಪ್ಪಣಿ ತುಂಬಿದ, ಮುಂದೆ ಹಿಂದೆ ತಿರುವುತ್ತಾ ಓದಬೇಕಾದ ಪುಸ್ತಕಕ್ಕೆ ಕಾಗದವೇ ಸೈ.

ನೀರಿನಿಂದ ಕಾಯುವ ಐಪಿಎಕ್ಸ್8 ಮಟ್ಟದ ರಕ್ಷಣೆ ಇರುವುದರಿಂದ ಮಳೆ ಹನಿಗೆ, ನೀರು ಚೆಲ್ಲಿದ್ದಕ್ಕೆ ಹೆದರಬೇಕಿಲ್ಲ. ಹನಿ ಬಿದ್ದಾಗ ಪುಟ ತಾನಾಗಿ ತಿರುಗಬಹುದು, ಒರೆಸಿದರೆ ಸರಿಹೋಗುತ್ತದೆ. ಚಾರ್ಜಿಂಗ್ ಪೋರ್ಟ್ ಪೂರ್ತಿ ಒಣಗುವ ತನಕ ಕೇಬಲ್ ಮಾತ್ರ ಚುಚ್ಚಬೇಡಿ.

ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಹಳೆಯ ಮಾಲೀಕರ ಖಾತೆ ತೆಗೆದಿದೆಯೇ ಎಂದು ಅವರೆದುರೇ ನೋಡಿಕೊಳ್ಳಿ. ನಿಮ್ಮ ಖಾತೆ ಸೇರಿಸಿ, ಒಂದು ಪುಸ್ತಕ ಇಳಿಯುವವರೆಗೂ ದುಡ್ಡು ಕೊಡಬೇಡಿ. ಬಳಿಕ ಕೋಣೆಯ ದೀಪ ಆರಿಸಿ, ಖಾಲಿ ಪುಟ ತೆರೆದು ಹೊಳಪು ಪೂರ್ತಿ ಏರಿಸಿ. ಕೆಳ ಅಂಚಿನಲ್ಲಿ ತುಸು ನೆರಳಿದ್ದರೆ ಪರವಾಗಿಲ್ಲ. ಪರದೆಯ ನಡುವೆ ಗೆರೆಯೋ ಬಿಳಿ ಚುಕ್ಕೆಯೋ ಕಂಡರೆ ಎಷ್ಟು ಅಗ್ಗವಾದರೂ ಬೇಡ.