ಮೋಸ, ದ್ರೋಹ ಎರಡೂ ಒಂದೇ ಅನ್ನೋ ನಿಘಂಟು ಆಪ್, ಐದಕ್ಕೆ ಎರಡೂವರೆ ಸ್ಟಾರ್

ಅನುವಾದದ ಕೆಲಸಕ್ಕೆ ಅಂತ ಈ ಆಪ್ ಹಾಕ್ಕೊಂಡು ಮೂರು ತಿಂಗಳಾಯ್ತು. ಅಕ್ಷರ ದೊಡ್ಡದು, ಹುಡುಕಿದ ತಕ್ಷಣ ಬರುತ್ತೆ, ಪ್ರಾಣಿ ಪಕ್ಷಿ ಹೆಸರೆಲ್ಲ ಚೆನ್ನಾಗೇ ಕೊಡುತ್ತೆ. ಕೈಕೊಟ್ಟಿದ್ದು ಎಲ್ಲಿ ಅಂದ್ರೆ, ಒಂದು ಕಥೆಲಿ ಗೆಳೆಯನ ಗುಟ್ಟನ್ನ ಗೆಳೆಯನೇ ಹೋಗಿ ಶತ್ರುಗೆ ಹೇಳ್ಬಿಡ್ತಾನೆ, ಅದಕ್ಕೊಂದು ಪದ ಬೇಕಿತ್ತು. ಮೋಸ ಅಂತ ಟೈಪ್ ಮಾಡಿದ್ರೆ ದ್ರೋಹ, ವಂಚನೆ, ದಗಾ, ವಿಶ್ವಾಸಘಾತ ಅಂತ ಸಾಲಾಗಿ ಬಂತು, ದ್ರೋಹ ಒತ್ತಿದ್ರೆ ಅದೇ ಸಾಲು ತಿರುಗಾ ಮುರುಗಾ.

ಕೆಳಗಿನ ಉದಾಹರಣೆ ಇನ್ನೂ ಚೆಂದ: 'ದಾರಿಯಲ್ಲಿ ಸಿಕ್ಕ ಅಪರಿಚಿತ ನನಗೆ ದ್ರೋಹ ಬಗೆದ'. ಅಲ್ಲಾ ಸ್ವಾಮಿ, ಮುಖ ಪರಿಚಯ ಇಲ್ಲದವ್ನು ಮೋಸ ಮಾಡಬಹುದು, ಟೋಪಿ ಹಾಕಬಹುದು, ಪಂಗನಾಮ ಹಾಕಬಹುದು, ದ್ರೋಹ ಹೆಂಗೆ ಬಗೀತಾನೆ? ದ್ರೋಹಕ್ಕೆ ಮೊದ್ಲು ಒಂದು ನಂಬಿಕೆ ಇರಬೇಕು, ಅದನ್ನ ಮುರೀಬೇಕು. ಮಿತ್ರದ್ರೋಹ, ಗುರುದ್ರೋಹ, ಸ್ವಾಮಿದ್ರೋಹ ಎಲ್ಲದರಲ್ಲೂ ಹಿಂದೆ ಒಂದು ಸಂಬಂಧ ನಿಂತಿದೆ ನೋಡಿ. ಅದಕ್ಕೇ 'ಮೋಸ ಹೋದೆ' ಅಂತೀವಿ, 'ದ್ರೋಹ ಹೋದೆ' ಅಂತ ಯಾರೂ ಅನ್ನಲ್ಲ. ಮೋಸ ಹೋಗೋದ್ರಲ್ಲಿ ನಮ್ಮ ಪೆದ್ದುತನಕ್ಕೂ ಸ್ವಲ್ಪ ಪಾಲಿದೆ, ದ್ರೋಹದ ಪಾಪ ಪೂರ್ತಿ ಅವರದ್ದೇ. ಇನ್ನು 'ಬಗೆ' ಅನ್ನೋ ಕ್ರಿಯಾಪದ, ಅಂದ್ರೆ ಮನಸಲ್ಲಿ ಯೋಚಿಸೋದು, ಉಂಡ ಮನೆಗೆ ಎರಡು ಬಗೆಯೋದು ಅಂತೀವಲ್ಲ ಅದೇ, ಇದರ ಬಗ್ಗೆ ಆಪಲ್ಲಿ ಒಂದಕ್ಷರ ಇಲ್ಲ. ಬಗೆ ಅಂದ್ರೆ ವಿಧ, ಅಷ್ಟೇ, ಮುಗೀತು!

ಕಾನೂನಿಗೂ ಈ ವ್ಯತ್ಯಾಸ ಗೊತ್ತು. ನಂಬಿ ಕೊಟ್ಟಿದ್ದನ್ನ ನುಂಗಿದ್ರೆ ನಂಬಿಕೆ ದ್ರೋಹ, ಹಳೇ ಐಪಿಸಿಲಿ 406, ಸುಳ್ಳು ಹೇಳಿ ಕಿತ್ಕೊಂಡ್ರೆ ವಂಚನೆ, 420. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದು ಅವು 316, 318 ಆಗಿವೆ, ಆಪಲ್ಲಿ ಮಾತ್ರ ಇನ್ನೂ ಹಳೇ ನಂಬರೇ. ಅದನ್ನ ಕ್ಷಮಿಸ್ತೀನಿ ಬಿಡಿ, ಜನಾನೂ ಇನ್ನೂ ಫೋರ್ ಟ್ವೆಂಟಿ ಅಂತಾನೇ ಬೈಯೋದು, 'ಅವ್ನು ತ್ರೀ ಒನ್ ಏಯ್ಟ್ ಕಣೋ' ಅಂದ್ರೆ ಯಾವನಿಗೂ ಉರಿಯಲ್ಲ.

'ಕೈಕೊಡು' ಹುಡುಕಿದ್ರೆ ಸಹಾಯ ಮಾಡು ಅಂತ ಬರುತ್ತೆ. 'ಒಂದು ಕೈ ಕೊಡಪ್ಪ' ಅಂದಾಗ ಸರಿ, 'ಕೊನೇ ಗಳಿಗೇಲಿ ಕೈಕೊಟ್ಟ' ಅಂದ್ರೆ? ಪೂರಾ ಉಲ್ಟಾ. ಮಳೆನೂ ಕೈಕೊಡುತ್ತೆ, ಗಾಡಿನೂ ಕೈಕೊಡುತ್ತೆ, ಅಲ್ಲಿ ಕೆಟ್ಟ ಬುದ್ಧಿ ಇರಲೇಬೇಕು ಅಂತೇನಿಲ್ಲ, ಹಂಗಾಗಿ ಆ ಪದಕ್ಕೆ ಒಂಥರಾ ಹಗುರ ಇದೆ, ಸಿಟ್ಟು ಕಮ್ಮಿ ಬೇಜಾರು ಜಾಸ್ತಿ. ವಂಚಿತ ಅಂದ್ರೆ ಮೋಸ ಹೋದವನು ಅಂತ ಒಂದೇ ಅರ್ಥ ಕೊಟ್ಟವ್ರೆ. ಈಗ ಪೇಪರ್ ತೆಗೆದ್ರೆ 'ಶಿಕ್ಷಣದಿಂದ ವಂಚಿತ' ಅಂತಾನೇ ಇರೋದು, ಅಂದ್ರೆ ಸಿಗಬೇಕಾದ್ದು ಸಿಗದೇ ಹೋದವನು.

ಆದ್ರೆ ನನಗೆ ನಿಜವಾಗ್ಲೂ ಭಯ ಆಗಿದ್ದು ಸಜೆಷನ್ ನೋಡಿ. 'ಕೃತ' ಅಂತ ಹೊಡೆದ್ರೆ ಮೊದ್ಲು ಕೃತಘ್ನ ತೋರಿಸುತ್ತೆ, ಕೆಳಗೆ ಕೃತಜ್ಞ. ಘ್ನ ಅಂದ್ರೆ ಕೊಲ್ಲುವವನು, ಮಾಡಿದ ಉಪಕಾರ ಕೊಂದವನು ಕೃತಘ್ನ. ಜ್ಞ ಅಂದ್ರೆ ಬಲ್ಲವನು. ಅವಸರದಲ್ಲಿ ಮೇಲಿಂದು ಒತ್ತಿ ಕಾಪಿ ಮಾಡಿ ಹಿರಿಯರೊಬ್ಬರಿಗೆ 'ನಿಮಗೆ ಸದಾ ಕೃತಘ್ನ' ಅಂತ ಮೆಸೇಜ್ ಕಳ್ಸಿದೀನಿ. ಅವ್ರು ಒಂದು ನಗೋ ಇಮೋಜಿ ಹಾಕಿದ್ರು, ಅಷ್ಟೇ, ಫೋನ್ ಮಾಡೋಕೆ ಇನ್ನೂ ಧೈರ್ಯ ಬಂದಿಲ್ಲ.

ತಪ್ಪುಗಳನ್ನೆಲ್ಲ ಬರೆದು ಆಪ್‌ನವ್ರಿಗೆ ಕಳ್ಸಿ ಹತ್ತು ದಿನ ಆಯ್ತು, ಉತ್ತರ ಇಲ್ಲ. ನೆಟ್ ಇಲ್ದೇ ಓಡುತ್ತೆ, ಜಾಹೀರಾತಿನ ಕಾಟ ಇಲ್ಲ, ಆ ಎರಡೂವರೆ ಅದಕ್ಕೆ ಕೊಟ್ಟಿದ್ದು. ಕಥೆಗೆ ಕೊನೆಗೆ 'ನಂಬಿಸಿ ಕತ್ತು ಕುಯ್ದ' ಅಂತ ನಾನೇ ಹಾಕ್ಕೊಂಡೆ, ಅದು ಈ ಆಪಲ್ಲಿ ಇಲ್ಲ.