ಶಹಾಬಾದ್–ಕಲಬುರಗಿ ದಾರಿಯಲ್ಲಿ ನಾಲ್ಕು ಲ್ಯಾಪ್‌ಟಾಪ್‌ಗಳು

ಲ್ಯಾಪ್‌ಟಾಪ್ ಬಗ್ಗೆ ಸಲಹೆ ಕೊಡುವವರಲ್ಲಿ ಹೆಚ್ಚಿನವರು ಅದನ್ನು ಮೇಜಿನ ಮೇಲಿಟ್ಟು ನೋಡಿದವರು. ಪ್ರೊಸೆಸರ್ ಯಾವ ಪೀಳಿಗೆಯದು, ಗ್ರಾಫಿಕ್ಸ್ ಕಾರ್ಡ್ ಎಷ್ಟು ಜಿಬಿಯದು ಎಂಬಲ್ಲಿಗೆ ಅವರ ಮಾತು ಮುಗಿಯುತ್ತದೆ. ಬೆಳಿಗ್ಗೆ ಶಹಾಬಾದಿನಲ್ಲಿ ಪ್ಯಾಸೆಂಜರ್ ಹತ್ತಿ ಕಲಬುರಗಿಯಲ್ಲಿ ಇಳಿದು, ಸಂಜೆ ಮತ್ತೆ ಅದೇ ದಾರಿಯಲ್ಲಿ ಮರಳುವವರ ಪ್ರಶ್ನೆಗಳು ಬೇರೆ. ಚಾರ್ಜರ್ ಸೇರಿ ಒಟ್ಟು ತೂಕ ಎಷ್ಟು? ತರಗತಿಯಲ್ಲಿ ಪ್ಲಗ್ ಸಿಗದಿದ್ದರೆ ಮಧ್ಯಾಹ್ನದ ಲ್ಯಾಬ್‌ವರೆಗೆ ಬ್ಯಾಟರಿ ತಡೆಯುತ್ತದೆಯೇ? ನಮ್ಮ ಏಪ್ರಿಲ್ ಬಿಸಿಲಿಗೆ ಅದು ಹೇಗೆ ನಡೆದುಕೊಳ್ಳುತ್ತದೆ? ಕೆಟ್ಟರೆ ಕಲಬುರಗಿಯಲ್ಲೇ ರಿಪೇರಿ ಆಗುತ್ತದೆಯೇ, ಹೈದರಾಬಾದಿಗೆ ಒಯ್ಯಬೇಕೇ?

ನಾನು ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಷನ್ ವಿಭಾಗದ ಮೂರನೆಯ ವರ್ಷದಲ್ಲಿದ್ದೇನೆ. ತಮ್ಮ ಈ ಸಲ ಸಿವಿಲ್ ಸೇರಿದ್ದಾನೆ. ಅವನಿಗೆ ಯಾವುದನ್ನು ಕೊಡಿಸಬೇಕೆಂಬ ಚರ್ಚೆ ಮನೆಯಲ್ಲಿ ಎದ್ದಾಗ, ಅಂಗಡಿಯವರ ಮಾತು ಕೇಳುವ ಬದಲು ಪರಿಚಯದವರ ಯಂತ್ರಗಳನ್ನು ಅದಲುಬದಲು ಮಾಡಿಕೊಂಡು ಇದೇ ದಾರಿಯಲ್ಲಿ ಹೊತ್ತು ತಿರುಗಿದೆ. ಸೋದರಮಾವನ ಮಗನ 15.6 ಇಂಚಿನ ಗೇಮಿಂಗ್ ಲ್ಯಾಪ್‌ಟಾಪ್ ಒಂದು. ಸಹಪಾಠಿಯೊಬ್ಬಳ ಹೊಸ 14 ಇಂಚಿನ ತೆಳು ಲ್ಯಾಪ್‌ಟಾಪ್ ಇನ್ನೊಂದು. ಅದರಲ್ಲಿ ರೈಜನ್ 5 ಪ್ರೊಸೆಸರ್, 16 ಜಿಬಿ ರ್‍ಯಾಮ್ ಇದೆ. ಹೈದರಾಬಾದಿನಲ್ಲಿ ಕೆಲಸ ಮಾಡುವ ಅಕ್ಕ ಮನೆಯಲ್ಲಿ ಬಿಟ್ಟುಹೋದ, ಆಪಲ್‌ನ ಎಂ1 ಚಿಪ್ ಇರುವ ಮ್ಯಾಕ್‌ಬುಕ್ ಏರ್ ಮೂರನೆಯದು. ನಾಲ್ಕನೆಯದು ನನ್ನದೇ ಆದ, ಬಳಸಿದ ಥಿಂಕ್‌ಪ್ಯಾಡ್ ಟಿ480.

ಗೇಮಿಂಗ್ ಯಂತ್ರದಿಂದ ಆರಂಭಿಸುತ್ತೇನೆ, ಏಕೆಂದರೆ ಎಂಜಿನಿಯರಿಂಗ್ ಸೀಟು ಸಿಕ್ಕ ಹುಡುಗರೆಲ್ಲ ಮೊದಲು ಕೇಳುವುದು ಅದನ್ನೇ. ಅದರ ತೂಕ ಸುಮಾರು 2.3 ಕಿಲೋ ಎಂದು ಡಬ್ಬಿಯ ಮೇಲಿದೆ. ಡಬ್ಬಿ ಹೇಳದೆ ಬಿಡುವುದು ಚಾರ್ಜರಿನ ವಿಚಾರ. 180 ವಾಟ್‌ನ ಆ ಚಾರ್ಜರ್ ಒಂದು ಇಟ್ಟಿಗೆಯಂತಿದೆ, ತಾನೇ ಅರ್ಧ ಕಿಲೋ ದಾಟುತ್ತದೆ. ಇದರ ಜೊತೆಗೆ ನೀರಿನ ಬಾಟಲಿ, ಊಟದ ಡಬ್ಬಿ, ರೆಕಾರ್ಡ್ ಪುಸ್ತಕ ಸೇರಿದರೆ ಬೋಗಿಯ ಬಾಗಿಲ ಬಳಿ ನಿಂತು ಬರುವ ದಿನ ಹೆಗಲು ಬಿದ್ದುಹೋಗುತ್ತದೆ. ಚಾರ್ಜರ್ ಮನೆಯಲ್ಲಿಟ್ಟು ಬರಬಹುದಲ್ಲ ಎಂದರೆ ಅದೂ ಆಗದು. ಬರೀ ಪಿಡಿಎಫ್ ಓದುತ್ತ, ಕೋಡ್ ಬರೆಯುತ್ತ ಇದ್ದರೂ ಅದು ಹದಿನೈದು ವಾಟ್ ಆಸುಪಾಸು ಎಳೆಯುತ್ತದೆ. 50 ವಾಟ್-ಅವರ್ ಬ್ಯಾಟರಿಯನ್ನು ಹದಿನೈದರಿಂದ ಭಾಗಿಸಿದರೆ ಮೂರು ಗಂಟೆ ಚಿಲ್ಲರೆ. ಊಟದ ಹೊತ್ತಿಗೆ ಅದು ಸುಸ್ತು. ಇಷ್ಟೆಲ್ಲ ಹೊತ್ತು ತಂದ ಗ್ರಾಫಿಕ್ಸ್ ಕಾರ್ಡ್ ಬ್ಯಾಟರಿಯ ಮೇಲೆ ಪೂರ್ತಿ ಶಕ್ತಿಯಲ್ಲಿ ಓಡುವುದೇ ಇಲ್ಲ. ಪ್ಲಗ್‌ಗೆ ಸಿಕ್ಕಿಸಿದಾಗ ಮಾತ್ರ ಅದು ಹುಲಿ.

ಸಿಕ್ಕಿಸಿದಾಗ ನಿಜಕ್ಕೂ ಹುಲಿಯೇ. ಮೂರು ಆಯಾಮದ ಮಾದರಿಯನ್ನು ತಿರುಗಿಸಿ ನೋಡುವಾಗ ಉಳಿದ ಮೂರರಲ್ಲಿ ಯಾವುದೂ ಅದರ ಹತ್ತಿರ ಸುಳಿಯಲಿಲ್ಲ. ಮೆಕ್ಯಾನಿಕಲ್ ಓದುತ್ತ ಹಾಸ್ಟೆಲಿನಲ್ಲೇ ಇರುವ ಹುಡುಗನಿಗೆ, ಮೇಜಿನಿಂದ ಕದಲದ ಯಂತ್ರವಾಗಿ, ನಾನು ಅದನ್ನೇ ಹೇಳುತ್ತೇನೆ. ಸೋದರಮಾವನ ಮಗ ಇರುವುದೂ ಹಾಸ್ಟೆಲಿನಲ್ಲೇ, ಅವನ ಆಯ್ಕೆ ಅವನಿಗೆ ಸರಿ.

ಶಹಾಬಾದಿನವರು ಇನ್ನೊಂದನ್ನು ಗಮನಿಸಬೇಕು. ಫರಸಿ ಕಲ್ಲು ಕೊಯ್ದು ಪಾಲಿಶ್ ಮಾಡುವ ಊರು ನಮ್ಮದು. ಕಿಟಕಿ ಮುಚ್ಚಿದರೂ ಮೇಜಿನ ಮೇಲೆ ಬಿಳಿ ದೂಳು ಕೂರುತ್ತದೆ. ಗೇಮಿಂಗ್ ಲ್ಯಾಪ್‌ಟಾಪಿನ ಎರಡು ಫ್ಯಾನ್‌ಗಳು ಹೆಚ್ಚು ಗಾಳಿ ಎಳೆದುಕೊಂಡಷ್ಟೂ ಆ ದೂಳು ಒಳಗೆ ಹೋಗಿ ಶಾಖ ಹೊರಹಾಕುವ ರೆಕ್ಕೆಗಳ ನಡುವೆ ಗಟ್ಟಿಯಾಗುತ್ತದೆ. ಆರು ತಿಂಗಳಿಗೊಮ್ಮೆ ಬಿಚ್ಚಿ ಸ್ವಚ್ಛ ಮಾಡಿಸದಿದ್ದರೆ ಫ್ಯಾನಿನ ಸದ್ದು ಏರುತ್ತ ಹೋಗುತ್ತದೆ, ವೇಗ ಇಳಿಯುತ್ತ ಬರುತ್ತದೆ. ಗ್ರಂಥಾಲಯದಲ್ಲಿ ಅದು ಒಮ್ಮೆ ಜೋರಾಗಿ ಉಸಿರು ಬಿಟ್ಟಾಗ ಸುತ್ತಲಿನವರು ತಲೆ ಎತ್ತಿ ನೋಡಿದ ನೋಟವನ್ನು ಇಲ್ಲಿ ಬಣ್ಣಿಸುವುದು ಬೇಡ.

ಮ್ಯಾಕ್‌ಬುಕ್ ಏರ್ ಇದಕ್ಕೆ ತದ್ವಿರುದ್ಧ. 2020ರ ಮಾದರಿ, 1.29 ಕಿಲೋ ತೂಕ, ಒಳಗೆ ಫ್ಯಾನೇ ಇಲ್ಲ. ಚಾರ್ಜರ್ ಒಯ್ಯದೆ ಕಾಲೇಜಿಗೆ ಹೋಗಿ ಬಂದರೂ ರಾತ್ರಿ ಓದಲು ಬ್ಯಾಟರಿ ಉಳಿದಿರುತ್ತದೆ. ಪರದೆಯ ಬೆಳಕು 400 ನಿಟ್ಸ್ ಇರುವುದರಿಂದ ಬಿಸಿಲಿನ ಪಡಸಾಲೆಯಲ್ಲಿ ಕೂತೂ ಅಕ್ಷರ ಕಾಣುತ್ತದೆ. ಪಯಣಕ್ಕೆಂದೇ ಅಳೆದರೆ ಇದಕ್ಕೆ ಸಾಟಿಯಿಲ್ಲ. ಆದರೆ ನಾವು ಎಂಜಿನಿಯರಿಂಗ್ ಓದುವವರು. ಮೈಕ್ರೊಕಂಟ್ರೋಲರ್ ಲ್ಯಾಬಿಗೆ ಬೇಕಾದ ಕೈಲ್ ತಂತ್ರಾಂಶ ವಿಂಡೋಸ್‌ಗೆ ಮಾತ್ರ. ಸರ್ಕ್ಯೂಟನ್ನು ವೆರಿಲಾಗ್ ಎಂಬ ಭಾಷೆಯಲ್ಲಿ ಬರೆದು, ಬೇಕಾದಂತೆ ಬದಲಿಸಬಹುದಾದ ಎಫ್‌ಪಿಜಿಎ ಚಿಪ್‌ನ ಬೋರ್ಡಿಗೆ ಹಾಕುವ ವಿವಾಡೊ ತಂತ್ರಾಂಶ ವಿಂಡೋಸ್ ಮತ್ತು ಲಿನಕ್ಸ್‌ನಲ್ಲಿ ಓಡುತ್ತದೆ, ಮ್ಯಾಕ್‌ನಲ್ಲಿ ಇಲ್ಲ. ಸಿವಿಲ್‌ನವರು ಕಟ್ಟಡ ವಿನ್ಯಾಸಕ್ಕೆ ಬಳಸುವ ರೆವಿಟ್, ಸ್ಟಾಡ್ ಪ್ರೊ, ಇಟ್ಯಾಬ್ಸ್ ಕೂಡ ವಿಂಡೋಸ್ ಕೇಳುತ್ತವೆ. ನಕ್ಷೆ ಬಿಡಿಸುವ ಆಟೋಕ್ಯಾಡ್ ಮ್ಯಾಕ್‌ಗೆಂದು ಇದೆ, ಅದೊಂದೇ ಸಮಾಧಾನ. ಎಂ1ರಲ್ಲಿ ವರ್ಚುವಲ್ ಯಂತ್ರ ಹಾಕಿಕೊಂಡು ವಿಂಡೋಸ್ ಓಡಿಸಬಹುದು ಎನ್ನುವವರಿದ್ದಾರೆ. ಓಡುತ್ತದೆ, ಆದರೆ ಅದು ಎಂ1ರಂಥ ಆರ್ಮ್ ಬಗೆಯ ಚಿಪ್‌ಗಾಗಿ ಮಾಡಿದ ವಿಂಡೋಸ್. ಯುಎಸ್‌ಬಿಗೆ ಬೋರ್ಡ್ ಜೋಡಿಸಿದಾಗ ಅದರ ಡ್ರೈವರ್ ಇಂಟೆಲ್‌ಗೆ ಬರೆದದ್ದಾಗಿದ್ದರೆ ಅಲ್ಲಿಗೆ ಕೆಲಸ ನಿಂತಿತು. ಅದರ 8 ಜಿಬಿ ರ್‍ಯಾಮ್ ಅನ್ನು ಹೆಚ್ಚಿಸುವ ದಾರಿಯೂ ಇಲ್ಲ.

ಬಿಸಿಲಿನ ಮಾತನ್ನೂ ಸೇರಿಸಬೇಕು. 10ರಿಂದ 35 ಡಿಗ್ರಿ ಸೆಲ್ಸಿಯಸ್ ವಾತಾವರಣದಲ್ಲಿ ಬಳಸಿ ಎಂದು ಆಪಲ್ ತನ್ನ ವಿವರಪಟ್ಟಿಯಲ್ಲೇ ಹೇಳುತ್ತದೆ. ಕಲಬುರಗಿ ಬೇಸಿಗೆಯಲ್ಲಿ ನಲವತ್ತನ್ನು ದಾಟುವುದು ಸುದ್ದಿಯೇ ಅಲ್ಲ. ಫ್ಯಾನ್ ಇಲ್ಲದ ಯಂತ್ರ ಬಿಸಿಯಾದರೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಟಿಪ್ಪಣಿ ಬರೆಯುವಾಗ ಇದು ಗೊತ್ತಾಗುವುದಿಲ್ಲ, ದೊಡ್ಡ ಸಿಮ್ಯುಲೇಷನ್ ಹಾಕಿದಾಗ ಗೊತ್ತಾಗುತ್ತದೆ. ಕಂಪ್ಯೂಟರ್ ಸೈನ್ಸ್‌ನವರು ಮಾತ್ರ ಇದನ್ನು ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. ಪೈಥಾನ್, ಜಾವಾ, ವೆಬ್ ಕೆಲಸಗಳಿಗೆ ಯಾವ ಅಡ್ಡಿಯೂ ಇಲ್ಲ.

ಈಗ ನಡುವಿನ ಎರಡು. ನಿಜವಾದ ಪೈಪೋಟಿ ಇರುವುದು ಇವುಗಳ ನಡುವೆಯೇ.

ಸಹಪಾಠಿಯ ಹೊಸ 14 ಇಂಚಿನದು ಸುಮಾರು 1.4 ಕಿಲೋ. ಚಾರ್ಜರ್ 65 ವಾಟ್‌ನದು, ಟೈಪ್-ಸಿ ತುದಿಯದು. ಈ ಟೈಪ್-ಸಿ ಎಂಬುದು ದಿನಾ ಓಡಾಡುವವರಿಗೆ ಎಷ್ಟು ದೊಡ್ಡ ಉಪಕಾರ ಎಂಬುದನ್ನು ಅಂಗಡಿಯಲ್ಲಿ ಯಾರೂ ಹೇಳಲಿಲ್ಲ. ನಮ್ಮ ತರಗತಿಯಲ್ಲಿ ಹಿಂದಿನ ಬೆಂಚಿನ ಗೋಡೆಗೆ ಒಂದೇ ಪ್ಲಗ್ ಕೆಲಸ ಮಾಡುತ್ತದೆ. ಅಲ್ಲಿ ಒಬ್ಬರು ತಂದ ಚಾರ್ಜರ್ ಅವಳ ಲ್ಯಾಪ್‌ಟಾಪಿಗೂ ಆಗುತ್ತದೆ, ನನ್ನ ಥಿಂಕ್‌ಪ್ಯಾಡಿಗೂ ಆಗುತ್ತದೆ, ಅಕ್ಕನ ಮ್ಯಾಕ್‌ಗೂ ಆಗುತ್ತದೆ. ಗೇಮಿಂಗ್ ಲ್ಯಾಪ್‌ಟಾಪ್ ತಂದವನು ಮಾತ್ರ ತನ್ನದನ್ನು ತಾನೇ ಹೊರಬೇಕು. ಮನೆಯಲ್ಲಿ ಕರೆಂಟ್ ಹೋದಾಗಲೂ ಇದೇ ಲೆಕ್ಕ: ಇನ್ವರ್ಟರ್ ಮೇಲೆ 65 ವಾಟ್ ಎಂದರೆ ಒಂದು ಸೀಲಿಂಗ್ ಫ್ಯಾನಿಗಿಂತ ಕಡಿಮೆ, 180 ವಾಟ್ ಎಂದರೆ ಎರಡು ಫ್ಯಾನ್ ಆರಿಸಬೇಕು. ಮೇ ತಿಂಗಳಲ್ಲಿ ಫ್ಯಾನ್ ಆರಿಸಿ ಎಂದು ಅಜ್ಜಿಗೆ ಹೇಳುವ ಧೈರ್ಯ ನನಗಿಲ್ಲ.

ಈ ಹೊಸ ಯಂತ್ರದಲ್ಲಿ ವಿವಾಡೊ ಸಿಂಥೆಸಿಸ್ (ಬರೆದ ಕೋಡನ್ನು ಸರ್ಕ್ಯೂಟ್ ಆಗಿಸುವ ಹಂತ) ನನ್ನ ಥಿಂಕ್‌ಪ್ಯಾಡ್‌ಗಿಂತ ಗಣನೀಯವಾಗಿ ಬೇಗ ಮುಗಿಯಿತು. ಅದರ ಪ್ರೊಸೆಸರಿನ ಆರು ಕೋರ್‌ಗಳ ಎದುರು ನನ್ನ ನಾಲ್ಕು ಕೋರ್‌ಗಳು ಸೋಲುವುದು ಸಹಜ. ಬ್ಯಾಟರಿ ಹೊಸದು, ಕಾಲೇಜಿನ ದಿನವನ್ನು ಸಾಮಾನ್ಯ ಕೆಲಸದಲ್ಲಿ ದಾಟಿಸುತ್ತದೆ. ಮನೆಗೇ ಬಂದು ರಿಪೇರಿ ಮಾಡುವ ಖಾತರಿಯೂ ಅದಕ್ಕಿತ್ತು. ಕೊಳ್ಳುವವರು ತಮ್ಮ ಊರಿನ ಪಿನ್‌ಕೋಡ್‌ಗೆ ಅದು ಸಿಗುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು. ಕೊರತೆ ಎಂದರೆ ರ್‍ಯಾಮ್ ಅನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿದ್ದಾರೆ. 8 ಜಿಬಿಯದನ್ನು ಅಗ್ಗಕ್ಕೆ ಕೊಂಡು ಆಮೇಲೆ ಹೆಚ್ಚಿಸಿಕೊಳ್ಳೋಣ ಎಂಬ ಲೆಕ್ಕಾಚಾರ ಇಂಥವುಗಳಲ್ಲಿ ನಡೆಯದು. ಕೊಳ್ಳುವ ದಿನವೇ 16 ಜಿಬಿ ಇರಬೇಕು. ಫೈಲ್‌ಗಳು ಕೂರುವ ಎಸ್‌ಎಸ್‌ಡಿ 512 ಜಿಬಿಗಿಂತ ಕಡಿಮೆ ಇದ್ದರೆ ವಿವಾಡೊ, ಮ್ಯಾಟ್‌ಲ್ಯಾಬ್ ಎರಡನ್ನೇ ಹಾಕಿದರೂ ಜಾಗ ಬಿಗಿಯಾಗುತ್ತದೆ.

ನನ್ನ ಥಿಂಕ್‌ಪ್ಯಾಡ್ ಟಿ480 ಬಂದಿದ್ದು 2018ರಲ್ಲಿ. ವಾಡಿ, ಸೇಡಂ, ತಾಂಡೂರು ದಾಟಿ ಸಿಕಂದರಾಬಾದಿಗೆ ಹೋಗಿ, ಚೆನಾಯ್ ಟ್ರೇಡ್ ಸೆಂಟರಿನ ಅಂಗಡಿಗಳಲ್ಲಿ ಚೌಕಾಸಿ ಮಾಡಿ, ಹೊಸದರ ಅರ್ಧಕ್ಕಿಂತ ಕಡಿಮೆ ಬೆಲೆಗೆ ತಂದಿದ್ದು. ದೊಡ್ಡ ಕಂಪನಿಗಳು ಬಳಸಿ ಬಿಟ್ಟ ಇಂಥ ಯಂತ್ರಗಳು ಅಲ್ಲಿ ರಾಶಿ ಬಿದ್ದಿರುತ್ತವೆ. ಇದನ್ನು ಕೊಳ್ಳಲು ಹೋಗುವವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಬೇಕಾದ ಸಂಗತಿಗಳಿವೆ. ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲ್‌ನ ಎಂಟನೆಯ ಪೀಳಿಗೆಯಿಂದ ಮುಂದಿನದನ್ನು, ಕೆಲವೇ ಅಪವಾದಗಳನ್ನು ಬಿಟ್ಟರೆ. ಹಾಗಾಗಿ ಆರನೆಯ, ಏಳನೆಯ ಪೀಳಿಗೆಯ ಟಿ470ಗಳನ್ನು ಅಗ್ಗವಾಗಿ ದಾಟಿಸುವ ಅವಸರ ಅಂಗಡಿಯವರಿಗಿರುತ್ತದೆ. ಟಿ480 ಎಂದು ಬರೆದಿದ್ದರೂ ನಂಬಬಾರದು. ಅದೇ ಹೆಸರಿನಲ್ಲಿ ಏಳನೆಯ ಪೀಳಿಗೆಯ ಪ್ರೊಸೆಸರ್ ಇರುವವೂ ಬಂದಿದ್ದವು. ಐ5 ಎಂಬುದರ ಮುಂದಿನ ಸಂಖ್ಯೆ 8ರಿಂದ ಆರಂಭವಾಗುತ್ತದೆಯೇ ಎಂದು ನೋಡಬೇಕು. ಪರದೆಯಲ್ಲೂ ಬೇರೆ ಬೇರೆ ಬಗೆಗಳಿವೆ: 1366×768 ಇರುವುದು ಎಷ್ಟೇ ಅಗ್ಗವಾದರೂ ಬೇಡ, 1920×1080 ಇರುವುದನ್ನೇ ಕೇಳಿ.

ಬ್ಯಾಟರಿಯನ್ನು ಅಂಗಡಿಯಲ್ಲೇ ಪರೀಕ್ಷಿಸಬೇಕು. ವಿಂಡೋಸ್ ತಾನೇ ಒಂದು ಬ್ಯಾಟರಿ ವರದಿ ಕೊಡುತ್ತದೆ. ತಯಾರಾದಾಗಿನ ಸಾಮರ್ಥ್ಯ ಎಷ್ಟು, ಈಗ ಪೂರ್ತಿ ಚಾರ್ಜ್ ಮಾಡಿದರೆ ಎಷ್ಟು ತುಂಬುತ್ತದೆ ಎಂಬ ಎರಡು ಅಂಕಿಗಳು ಅದರಲ್ಲಿರುತ್ತವೆ. ಎರಡನೆಯದು ಮೊದಲಿನದರ ಅರ್ಧಕ್ಕೆ ಬಂದಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಚೌಕಾಸಿಯಲ್ಲಿ ಕಳೆಯಬೇಕು.

ಬ್ಯಾಟರಿಯ ವಿಷಯದಲ್ಲೇ ಈ ಹಳೆಯ ಯಂತ್ರ ನನ್ನನ್ನು ಒಲಿಸಿಕೊಂಡಿದ್ದು. ಇದಕ್ಕೆ ಎರಡು ಬ್ಯಾಟರಿ: ಒಳಗೊಂದು 24 ವಾಟ್-ಅವರ್‌ನದು, ಹಿಂಭಾಗದಲ್ಲಿ ಕೈಯಿಂದಲೇ ತೆಗೆಯಬಹುದಾದ ಇನ್ನೊಂದು. ಲ್ಯಾಪ್‌ಟಾಪ್ ಆರಿಸದೆಯೇ ಹಿಂದಿನದನ್ನು ಬಿಚ್ಚಿ ಬೇರೆ ಹಾಕಬಹುದು, ಅಷ್ಟು ಹೊತ್ತು ಒಳಗಿನದು ಹಿಡಿದುಕೊಂಡಿರುತ್ತದೆ. ಹಿಂದಿನದಕ್ಕೆ 24, 48, 72 ವಾಟ್-ಅವರ್ ಎಂಬ ಮೂರು ಅಳತೆಗಳಿವೆ. 72ರದ್ದನ್ನು ಹಾಕಿದರೆ ತೂಕ ಏರುತ್ತದೆ, ಲ್ಯಾಪ್‌ಟಾಪಿನ ಹಿಂಭಾಗ ಉಬ್ಬಿಕೊಳ್ಳುತ್ತದೆ, ನೋಡಲು ಚಂದವಿಲ್ಲ. ಆದರೆ ಬೆಳಿಗ್ಗೆಯಿಂದ ಸಂಜೆಯ ರೈಲಿನವರೆಗೆ ಪ್ಲಗ್ ಹುಡುಕುವ ಕೆಲಸ ತಪ್ಪುತ್ತದೆ. ರ್‍ಯಾಮ್‌ಗೆ ಎರಡು ಸ್ಲಾಟ್ ಇವೆ. 8 ಜಿಬಿ ಇದ್ದುದಕ್ಕೆ ಇನ್ನೊಂದು 8 ಜಿಬಿಯನ್ನು ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಅಂಗಡಿಯಲ್ಲಿ ನಿಂತಲ್ಲೇ ಹಾಕಿಸಿದೆ. ಕೀಲಿಮಣೆಗೆ ಚಹಾ ಚೆಲ್ಲಿದರೂ ಅದೊಂದನ್ನೇ ಬದಲಿಸಬಹುದು.

ಸೋಲುವುದು ಎಲ್ಲಿ? ಪರದೆ ಸುಮಾರು 250 ನಿಟ್ಸ್‌ನದು, ರೈಲಿನ ಕಿಟಕಿ ಬದಿಯ ಬೆಳಕಿಗೆ ಸಾಲದು. ಗ್ರಾಫಿಕ್ಸ್ ಎಂದರೆ ಪ್ರೊಸೆಸರಿನ ಒಳಗೇ ಬಂದ ಯುಎಚ್‌ಡಿ 620, ಬೇರೆ ಕಾರ್ಡ್ ಇಲ್ಲ. ಎರಡು ಆಯಾಮದ ಆಟೋಕ್ಯಾಡ್ ನಕ್ಷೆಗೆ ತೊಂದರೆಯಿಲ್ಲ, ರೆವಿಟ್‌ನಲ್ಲಿ ಮೂರಂತಸ್ತಿನ ಕಟ್ಟಡ ತೆರೆದರೆ ಏದುಸಿರು ಬಿಡುತ್ತದೆ. ಖಾತರಿ ಅಂಗಡಿಯವನ ಬಾಯಿಮಾತಿನದು, ಹೆಚ್ಚೆಂದರೆ ಕೆಲವು ತಿಂಗಳು. ಡೀಪ್ ಲರ್ನಿಂಗ್ ಮಾಡುವವರಿಗೆ ಇದು ಸಾಕೇ ಎಂದು ಕೇಳಿದರೆ, ಕಾಲೇಜಿನ ಪ್ರಾಜೆಕ್ಟ್ ಮಟ್ಟಕ್ಕೆ ಇಂಟರ್ನೆಟ್ ಮೂಲಕ ಬಳಸುವ ಗೂಗಲ್ ಕೊಲ್ಯಾಬ್‌ನ ಉಚಿತ ಜಿಪಿಯು (ಗ್ರಾಫಿಕ್ಸ್ ಪ್ರೊಸೆಸರ್) ಇದೆ, ಅದಕ್ಕೆಂದು ಮೂರು ಕಿಲೋ ಹೊರುವುದು ಬೇಡ ಎನ್ನುತ್ತೇನೆ.

ಹಾಗಾದರೆ ತಮ್ಮನಿಗೆ? ಮೊದಲ ವರ್ಷದ ಕಂಪ್ಯೂಟರ್ ಡ್ರಾಯಿಂಗ್‌ಗೆ ಇವುಗಳಲ್ಲಿ ಮ್ಯಾಕ್ ಬಿಟ್ಟು ಯಾವುದಾದರೂ ನಡೆಯುತ್ತದೆ. ರೆವಿಟ್, ಸ್ಟಾಡ್ ಬರುವುದು ಮುಂದೆ, ರೆವಿಟ್ ತಯಾರಿಸುವ ಆಟೋಡೆಸ್ಕ್ ತನ್ನ ತಂತ್ರಾಂಶಗಳನ್ನು ವಿದ್ಯಾರ್ಥಿಗಳಿಗೆ ಉಚಿತವಾಗಿ ಕೊಡುವುದರಿಂದ ರೆವಿಟ್‌ನ ಖರ್ಚಿಲ್ಲ. ಗೇಮಿಂಗ್ ಬೇಕೆಂದು ಹಟ ಹಿಡಿದವನಿಗೆ ಸೋದರಮಾವನ ಮಗನದನ್ನು ಕೊಟ್ಟು, ಚಾರ್ಜರ್ ಸಮೇತ, ನನ್ನ ಜೊತೆ ರೈಲಿನಲ್ಲಿ ಬಾ ಎಂದೆ. ವಾರ ಮುಗಿಯುವ ಮೊದಲೇ ಹಟ ಇಳಿಯಿತು. ಕೊನೆಗೆ 14 ಇಂಚಿನ, 16 ಜಿಬಿಯ, ಟೈಪ್-ಸಿ ಚಾರ್ಜರಿನ ಹೊಸ ಲ್ಯಾಪ್‌ಟಾಪೇ ಅವನಿಗೆ ಎಂದು ತೀರ್ಮಾನವಾಯಿತು. ನಾಲ್ಕು ವರ್ಷ ಬಾಳಬೇಕಾದ್ದಕ್ಕೆ ಖಾತರಿ ಇರಲಿ ಎಂಬುದು ಅಪ್ಪನ ವಾದ, ಆರು ಕೋರ್ ಇರಲಿ ಎಂಬುದು ನನ್ನದು. ಕೈಯಲ್ಲಿ ಇಪ್ಪತ್ತೈದು ಸಾವಿರದೊಳಗೆ ಮಾತ್ರ ಇದ್ದಿದ್ದರೆ ಅವನನ್ನೂ ಸಿಕಂದರಾಬಾದಿಗೇ ಕರೆದೊಯ್ಯುತ್ತಿದ್ದೆ, ಹೊಸ ಕಂಪನಿಯ ಅಗ್ಗದ 8 ಜಿಬಿ ಲ್ಯಾಪ್‌ಟಾಪ್ ಕೊಡಿಸುತ್ತಿರಲಿಲ್ಲ. ನಾನು ನನ್ನ ಥಿಂಕ್‌ಪ್ಯಾಡನ್ನು ಬಿಡುತ್ತಿಲ್ಲ. ಈ ತಿಂಗಳು ಅದಕ್ಕೆ ಹಿಂದಿನ ಬ್ಯಾಟರಿ ಇನ್ನೊಂದು ತರಿಸುವುದಿದೆ, ಈ ಸಲ 48ರದ್ದು.