ಸಮ್ಮಿಲನ ರಿಯಾಕ್ಟರಿನ ಒಳಗೋಡೆಗೆ ಟಂಗ್‌ಸ್ಟನ್ನೋ, ಕಾರ್ಬನ್ನೋ?

ಹೈಡ್ರೋಜನ್ ಪರಮಾಣುಗಳನ್ನು ಬೆಸೆದು ಶಕ್ತಿ ಪಡೆಯುವ ಈ ರಿಯಾಕ್ಟರಿನಲ್ಲಿ ಪ್ಲಾಸ್ಮಾವನ್ನು, ಅಂದರೆ ವಿದ್ಯುದಾವೇಶಗೊಂಡ ಅತ್ಯುಷ್ಣ ಅನಿಲವನ್ನು, ನೇರವಾಗಿ ಎದುರಿಸುವ ಭಾಗಕ್ಕೆ ವಸ್ತುವನ್ನು ಆರಿಸುವವರು ಕರಗುವ ಬಿಂದುವೊಂದನ್ನೇ ನೋಡಿದರೆ ಸಾಲದು. ಟಂಗ್‌ಸ್ಟನ್ 3422 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಕಾರ್ಬನ್ ಕರಗುವುದೇ ಇಲ್ಲ, ನೇರವಾಗಿ ಆವಿಯಾಗುತ್ತದೆ, ಹಠಾತ್ ಉಷ್ಣಾಘಾತವನ್ನೂ ಚೆನ್ನಾಗಿ ತಾಳುತ್ತದೆ. ಇಷ್ಟಕ್ಕೇ ನಿಂತರೆ ಕಾರ್ಬನ್ನೇ ಮೇಲು. ಆದರೆ ಅದು ಹೈಡ್ರೋಜನ್‌ನೊಡನೆ ರಾಸಾಯನಿಕವಾಗಿ ವರ್ತಿಸಿ ಸವೆಯುತ್ತದೆ, ಹಾಗೆ ಸವೆದ ಕಣಗಳು ಬೇರೆಡೆ ಪದರವಾಗಿ ಕೂರುವಾಗ ವಿಕಿರಣಶೀಲವೂ ದುರ್ಲಭವೂ ಆದ ಟ್ರಿಟಿಯಂ ಇಂಧನವನ್ನು ತಮ್ಮೊಳಗೆ ಹಿಡಿದಿಟ್ಟುಕೊಳ್ಳುತ್ತವೆ. ದೀರ್ಘಕಾಲ ನಡೆಯಬೇಕಾದ ಸ್ಥಾವರದಲ್ಲಿ ಕಾರ್ಬನ್ನನ್ನು ಕೈಬಿಡಲು ಈ ದೋಷವೊಂದೇ ಸಾಕು ಎಂಬುದು ನನ್ನ ಅಭಿಪ್ರಾಯ.

ಮೂರನೆಯ ಆಯ್ಕೆಯಾದ ಬೆರಿಲಿಯಂ ಎಂಬ ಹಗುರ ಲೋಹ ಪ್ಲಾಸ್ಮಾದಲ್ಲಿ ಬೆರೆತರೂ ಹಾನಿ ಕಡಿಮೆ, ಆದರೆ ಅದು 1287 ಡಿಗ್ರಿಗೇ ಕರಗುತ್ತದೆ, ಅದರ ಧೂಳೂ ವಿಷಕಾರಿ.

ಟಂಗ್‌ಸ್ಟನ್ ಬಹಳ ನಿಧಾನವಾಗಿ ಸವೆಯುತ್ತದೆ, ಟ್ರಿಟಿಯಂ ಅನ್ನು ಕಡಿಮೆ ಹಿಡಿದಿಡುತ್ತದೆ. ಫ್ರಾನ್ಸ್‌ನಲ್ಲಿ ನಿರ್ಮಾಣವಾಗುತ್ತಿರುವ ಅಂತರರಾಷ್ಟ್ರೀಯ ಪ್ರಾಯೋಗಿಕ ಸಮ್ಮಿಲನ ರಿಯಾಕ್ಟರಾದ ಇಟರ್‌ನ ಡೈವರ್ಟರ್‌ನಲ್ಲಿ (ಪ್ಲಾಸ್ಮಾದ ಶಾಖವನ್ನೂ ತ್ಯಾಜ್ಯ ಕಣಗಳನ್ನೂ ಹೊರತೆಗೆಯುವ ತಳಭಾಗ) ಪ್ರತಿ ಚದರ ಮೀಟರಿಗೆ ಸುಮಾರು 10 ಮೆಗಾವ್ಯಾಟ್ ಶಾಖವನ್ನು ಅದು ನಿರಂತರವಾಗಿ ಹೊರಬೇಕಾಗಿದೆ. ಹಾಗೆಂದು ಅದನ್ನು ನಿರ್ದೋಷಿಯೆನ್ನಲಾಗದು: ಪರಮಾಣು ಸಂಖ್ಯೆ 74 ಆಗಿರುವುದರಿಂದ ಅತ್ಯಲ್ಪ ಪ್ರಮಾಣದಲ್ಲಿ ಒಳಸೇರಿದರೂ ಪ್ಲಾಸ್ಮಾದ ಶಕ್ತಿಯನ್ನು ವಿಕಿರಣವಾಗಿ ಹೊರಚೆಲ್ಲಿಸುತ್ತದೆ, ತಣ್ಣಗಿದ್ದಾಗ ಪೆಡಸಾಗಿದ್ದು ಬಿರುಕು ಬಿಡುತ್ತದೆ, ಸುಮಾರು 1300 ಡಿಗ್ರಿಗಿಂತ ಮೇಲೆ ಹೆಚ್ಚು ಹೊತ್ತು ಇದ್ದರೆ ಅದರ ಸ್ಫಟಿಕರಚನೆಯೇ ಬದಲಾಗಿ ಬಲ ಕುಗ್ಗುತ್ತದೆ. ಆದ್ದರಿಂದ ಟಂಗ್‌ಸ್ಟನ್ನನ್ನು ಆರಿಸುವವರು ತಂಪುಗೊಳಿಸುವ ವ್ಯವಸ್ಥೆಯನ್ನೂ ಅದರೊಡನೆಯೇ ವಿನ್ಯಾಸಗೊಳಿಸಬೇಕು.